ಮುದ್ದೆಯಿಂದ ಬಿಸ್ಕತ್ತಿನವರೆಗೆ: ಊಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಆಹಾರ ವಿಜ್ಞಾನದ ಪಾಠ ಹೇಳುತ್ತೇನೆ. ಬಿಡುವಾದಾಗ ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಹೆಣ್ಣುಮಕ್ಕಳ ಸಂಘಗಳಿಗೆ ಹೋಗಿ ಮಾತಾಡುತ್ತೇನೆ. ಸಂಸ್ಕರಿಸಿದ ಊಟದ ಬಗ್ಗೆ, ಅಂದರೆ ಮನೆಯಲ್ಲೋ ಕಾರ್ಖಾನೆಯಲ್ಲೋ ರೂಪ ಬದಲಿಸಿದ ಪದಾರ್ಥದ ಬಗ್ಗೆ, ಎಲ್ಲಿ ಹೋದರೂ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕಾಗದ ಬರೆದು ಕೇಳಿದವರಿದ್ದಾರೆ, ಬಸ್ಸಿನಲ್ಲಿ ಪಕ್ಕ ಕೂತು ಕೇಳಿದವರೂ ಇದ್ದಾರೆ. ಅವರ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ಕೆಡಿಸಿಕೊಳ್ಳಬೇಕಾದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ಪ್ಯಾಕೆಟ್‌ನಲ್ಲಿ ಬರೋದೆಲ್ಲ ಕೆಟ್ಟದ್ದಾ ಮೇಡಂ?

ಅಲ್ಲ. ಬೆಳಿಗ್ಗೆ ಮನೆಗೆ ಬರುವ ಹಾಲೂ ಪ್ಯಾಕೆಟ್ಟೇ ಅಲ್ವಾ? ಅದನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿ, ತಕ್ಷಣ ತಣ್ಣಗೆ ಮಾಡಿ ತುಂಬಿರುತ್ತಾರೆ. ಕೊಬ್ಬು ಒಂದಿಷ್ಟು ಹೆಚ್ಚು ಕಡಿಮೆ ಮಾಡಿರಬಹುದು. ಆದರೂ ಅದು ಹಾಲೇ. ತೊಗರಿಬೇಳೆ, ಅವಲಕ್ಕಿ, ಕಡ್ಲೆಬೀಜ, ರಾಗಿ ಹಿಟ್ಟು, ಯಾವುದೂ ಪ್ಯಾಕೆಟ್ಟಿನಲ್ಲಿ ಬಂದ ಮಾತ್ರಕ್ಕೆ ಕೆಡುವುದಿಲ್ಲ. ಇನ್ನೊಂದು ಕಡೆ, ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಕೂತಿರುವ ಕ್ರೀಮ್ ಬನ್ನಿಗೆ ಪ್ಯಾಕೆಟ್ಟೇ ಇರುವುದಿಲ್ಲ. ಒಳಗಿರುವ ಪದಾರ್ಥ ಹೊಲದಿಂದ ಎಷ್ಟು ದೂರ ಬಂದಿದೆ ಅಂತ ನೋಡಿ. ಕವರ್ ನೋಡಿ ತೀರ್ಮಾನ ಮಾಡಬೇಡಿ.

ಅನ್ನ ಬೇಯಿಸೋದೂ ಸಂಸ್ಕರಣೆನೇ ತಾನೆ? ಹಂಗಾದ್ರೆ ಗೆರೆ ಎಲ್ಲಿ ಎಳೀತೀರಿ?

ಈ ಪ್ರಶ್ನೆ ಇಟ್ಟುಕೊಂಡೇ ಬ್ರೆಜಿಲ್ ದೇಶದ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೆರೊ ಮತ್ತು ಅವರ ಜೊತೆಗಾರರು ಒಂದು ದಾರಿ ತೋರಿಸಿದರು. 2009ರಿಂದ ಅವರು ರೂಪಿಸುತ್ತಾ ಬಂದ ಈ ಲೆಕ್ಕಕ್ಕೆ ನೋವಾ ಅಂತ ಹೆಸರು. ಅದರಲ್ಲಿ ನಾಲ್ಕು ಗುಂಪು. ನಮ್ಮ ರಾಗಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ತೆನೆ ಬಡಿದು, ತೂರಿ, ಕಲ್ಲು ಆರಿಸಿ, ಮಿಲ್ಲಿಗೆ ಹಾಕಿಸಿದ ಹಿಟ್ಟು ಮೊದಲ ಗುಂಪು. ಕಾಳಿನಲ್ಲಿದ್ದದ್ದೆಲ್ಲ ಹಿಟ್ಟಿನಲ್ಲೂ ಇದೆ. ಸಾರಿಗೆ ಹಾಕುವ ಉಪ್ಪು, ಎಣ್ಣೆ, ತುಪ್ಪ, ಬೆಲ್ಲ ಎರಡನೆಯದು. ಇವನ್ನು ಬರೀ ಬಾಯಲ್ಲಿ ಯಾರೂ ಊಟ ಅಂತ ತಿನ್ನುವುದಿಲ್ಲ, ಅಡುಗೆಗೆ ಬೇಕು ಅಷ್ಟೆ. ಮೊದಲನೆಯದಕ್ಕೆ ಎರಡನೆಯದನ್ನು ಸೇರಿಸಿ ಸ್ವಲ್ಪ ದಿನ ಇಡುವ ಹಾಗೆ ಮಾಡಿದರೆ ಮೂರನೆಯದು: ಉಪ್ಪಿನಕಾಯಿ, ಪನೀರ್, ಉಪ್ಪು ಹಾಕಿ ಹುರಿದ ಕಡ್ಲೆಬೀಜ.

ನಾಲ್ಕನೆಯದು ಬೇರೆಯದೇ ಜಾತಿ. ಅಲ್ಲಿ ಕಾಳನ್ನು ಕಾಳಾಗಿ ಬಳಸುವುದಿಲ್ಲ. ಪಿಷ್ಟ ಬೇರೆ, ಪ್ರೋಟೀನ್ ಬೇರೆ, ಎಣ್ಣೆ ಬೇರೆ ಮಾಡಿ, ಮತ್ತೆ ಅವನ್ನು ಜೋಡಿಸುತ್ತಾರೆ. ಅದಕ್ಕೆ ಬಣ್ಣ, ಪರಿಮಳ, ಎಣ್ಣೆ ನೀರು ಬೇರೆಯಾಗದಂತೆ ಹಿಡಿಯುವ ಪದಾರ್ಥ ಬೀಳುತ್ತದೆ. ಅತಿ ಸಂಸ್ಕರಿತ ಆಹಾರ ಅನ್ನುವುದು ಇದನ್ನೇ. ಅಕ್ಕಿ ಬೆಂದರೆ ಅನ್ನವಾಗುತ್ತದೆ, ಅದು ಒಲೆಯ ಕೆಲಸ. ಗೆರೆ ಬೀಳುವುದು ಮೂರಕ್ಕೂ ನಾಲ್ಕಕ್ಕೂ ಮಧ್ಯೆ.

ಇಷ್ಟೆಲ್ಲ ನೆನಪಿರಲ್ಲ ಕಣಮ್ಮ. ಒಂದೇ ಮಾತಲ್ಲಿ ಹೇಳಿ.

ಅದರಲ್ಲಿ ಹಾಕಿರುವುದೆಲ್ಲ ನಿಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಕಾಲು ಕೆ.ಜಿ. ಕಟ್ಟಿಕೊಡಿ ಅಂದರೆ ಸಿಗುತ್ತದಾ? ಸಿಕ್ಕರೆ ಅದು ಊಟ. ಪಿಷ್ಟದಿಂದ ಕಾರ್ಖಾನೆಯಲ್ಲಿ ಮಾಡುವ ಮಾಲ್ಟೋಡೆಕ್ಸ್ಟ್ರಿನ್ ಪುಡಿ ಕಟ್ಟಿಕೊಡಿ ಅಂತ ಯಾರೂ ಕೇಳುವುದಿಲ್ಲ.

## ಪ್ಯಾಕೆಟ್ ತಿರುಗಿಸಿ ನೋಡುವಾಗ

ಮಗು ಮುದ್ದೆ ಮುಟ್ಟಲ್ಲ. ರಾಗಿ ಬಿಸ್ಕತ್ತಾದ್ರೂ ತಿನ್ಲಿ ಅಂತ ಕೊಡ್ತೀನಿ. ಒಳ್ಳೇದೇ ಅಲ್ವಾ?

ಈ ಪ್ರಶ್ನೆ ಕೇಳದ ಊರಿಲ್ಲ. ಕೇಳುವ ತಾಯಿಯ ಮುಖ ನೋಡಿದರೆ ಸುಮ್ನೆ ಹೂಂ ಅನ್ನಬೇಕು ಅನಿಸುತ್ತದೆ. ಆದರೆ ಹೇಳಲೇಬೇಕು.

ಒಮ್ಮೆ ಮಂಡ್ಯದ ಅಂಗಡಿಯೊಂದರಲ್ಲಿ ಅಂಥ ಒಬ್ಬರ ಜೊತೆ ನಿಂತು ಪ್ಯಾಕೆಟ್ ತಿರುಗಿಸಿದೆ. ಮುಂದೆ ದಪ್ಪ ತೆನೆಯ ಚಿತ್ರ, ಮಣ್ಣಿನ ಬಣ್ಣ. ಹಿಂದೆ ಇರುವೆ ಸಾಲಿನಂಥ ಅಕ್ಷರ. ಮೊದಲ ಹೆಸರು ಮೈದಾ. ಎರಡನೆಯದು ಸಕ್ಕರೆ. ಮೂರನೆಯದು ತಾಳೆ ಎಣ್ಣೆ. ನಾಲ್ಕನೆಯದು ರಾಗಿ ಹಿಟ್ಟು. ಅದರ ಪಕ್ಕದಲ್ಲಿ ಬರೆದಿದ್ದ ಶೇಕಡಾ ಲೆಕ್ಕ ಹತ್ತನ್ನೂ ಮುಟ್ಟಿರಲಿಲ್ಲ.

ಇಲ್ಲಿ ಎರಡು ನಿಯಮ ನೆನಪಿಟ್ಟುಕೊಳ್ಳಿ. ಪದಾರ್ಥಗಳನ್ನು ತೂಕದ ಲೆಕ್ಕದಲ್ಲಿ ಬರೆಯಬೇಕು, ಜಾಸ್ತಿ ಇರುವುದು ಮೊದಲು. ಯಾವ ಪದಾರ್ಥದ ಹೆಸರನ್ನು ಮುಂದೆ ಎತ್ತಿ ತೋರಿಸುತ್ತಾರೋ ಅದು ಶೇಕಡಾ ಎಷ್ಟಿದೆ ಅಂತಲೂ ಹೇಳಬೇಕು. ಹಾಗಾಗಿ ಲೆಕ್ಕ ನಮ್ಮ ಕೈಗೇ ಸಿಗುತ್ತದೆ. ನೂರು ಗ್ರಾಂ ಬಿಸ್ಕತ್ತು ಪೂರಾ ತಿಂದರೂ ಆ ಮಗುವಿನ ಹೊಟ್ಟೆಗೆ ಹೋದ ರಾಗಿ ಹತ್ತು ಗ್ರಾಂ ಕೂಡ ಇಲ್ಲ. ಒಂದು ಮುದ್ದೆಗೆ ನೂರು ಗ್ರಾಂ ಹತ್ತಿರ ಹಿಟ್ಟು ಬೀಳುತ್ತದೆ. ಅಷ್ಟು ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ಅದೇ ತೂಕದ ಹಾಲಿನಲ್ಲಿ ಇರುವುದು 120 ಮಿಲಿಗ್ರಾಂ ಸುತ್ತಮುತ್ತ.

ಮಗು ಮುದ್ದೆ ನುಂಗುವುದಿಲ್ಲ ಅಂದರೆ ಬಿಡಿ, ಬಲವಂತ ಬೇಡ. ರಾಗಿ ರೊಟ್ಟಿಗೆ ಈರುಳ್ಳಿ, ಕ್ಯಾರೆಟ್ ತುರಿದು ಹಾಕಿ ತಟ್ಟಿ. ರಾಗಿ ದೋಸೆ ಹುಯ್ಯಿ. ಹುರಿಹಿಟ್ಟಿಗೆ ಬಾಳೆಹಣ್ಣು ಕಿವುಚಿ, ಚೂರು ಬೆಲ್ಲ ಹಾಕಿ ಉಂಡೆ ಮಾಡಿ. ಬಿಸ್ಕತ್ತು ಎಂದೋ ಒಂದು ದಿನ ಬಿಸ್ಕತ್ತಾಗಿ ಇರಲಿ. ರಾಗಿ ಅಂದುಕೊಂಡು ಮಾತ್ರ ಕೊಡಬೇಡಿ.

ನಂಗೆ ಇಂಗ್ಲಿಷ್ ಬರಲ್ಲ. ಪ್ಯಾಕೆಟ್ ಮೇಲೆ ಕನ್ನಡನೇ ಇರಲ್ಲ. ಏನ್ ಮಾಡ್ಲಿ?

ಇದು ನಿಮ್ಮ ತಪ್ಪಲ್ಲ. ವಿವರ ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಇದ್ದರೆ ಸಾಕು ಅನ್ನುತ್ತದೆ ನಿಯಮ. ಕೇಂದ್ರದ ಆ ನಿಯಮದ ಪ್ರಕಾರ ಕನ್ನಡ ಹಾಕುವುದು ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ನಮ್ಮ ದುಡ್ಡು ತೆಗೆದುಕೊಳ್ಳುವವರು ನಮ್ಮ ಭಾಷೆಯಲ್ಲಿ ಹೇಳಬೇಕು ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಅಲ್ಲಿಯವರೆಗೆ ಕಣ್ಣಳತೆಯಲ್ಲೇ ಒಂದಷ್ಟು ತಿಳಿಯಬಹುದು. ಪದಾರ್ಥಗಳ ಸಾಲು ಎಷ್ಟು ಉದ್ದ ಇದೆ ನೋಡಿ. ಬೇಳೆ ಪ್ಯಾಕೆಟ್ಟಿನಲ್ಲಿ ಒಂದೇ ಮಾತು, ಚಿಪ್ಸ್ ಪ್ಯಾಕೆಟ್ಟಿನಲ್ಲಿ ಐದಾರು ಸಾಲು. ಮಧ್ಯೆ ಮಧ್ಯೆ ಮೂರಂಕಿಯ ನಂಬರ್ ಎಷ್ಟು ಬರುತ್ತವೆ ಎಣಿಸಿ, ಬಣ್ಣಕ್ಕೆ, ರುಚಿಗೆ, ಕೆಡದಂತೆ ಇಡುವುದಕ್ಕೆ ಸೇರಿಸುವ ಪದಾರ್ಥಗಳ ಗುರುತು ಅವು. ಶಾಲೆಗೆ ಹೋಗುವ ಮಗಳು, ಮೊಮ್ಮಗ ಇದ್ದರೆ ಮೊದಲ ಮೂರು ಹೆಸರು ಓದಿಸಿ. ಪಾಂಡವಪುರದ ಕಡೆಯ ಒಬ್ಬ ಅಜ್ಜಿ ಹೀಗೆ ಓದಿಸಿ ಓದಿಸಿ ಸಕ್ಕರೆಗೂ ಉಪ್ಪಿಗೂ ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆ ಅಂತ ಗುರುತು ಹಿಡಿಯುತ್ತಾರೆ. ಅಕ್ಷರ ಬರುವುದಿಲ್ಲ, ಆಕಾರ ಗೊತ್ತು.

ಆ ನಂಬರ್‌ಗಳೆಲ್ಲ ವಿಷ ಅಂತಾರಲ್ಲ, ನಿಜನಾ?

ನಂಬರ್ ಇದ್ದ ಮಾತ್ರಕ್ಕೆ ವಿಷ ಅಲ್ಲ. 100 ಅಂದರೆ ಅರಿಶಿನದ ಬಣ್ಣ. 300 ಅಂದರೆ ವಿಟಮಿನ್ ಸಿ. 330 ನಿಂಬೆಹಣ್ಣಿನಲ್ಲಿರುವ ಹುಳಿ. 500ರಲ್ಲಿ ನಮ್ಮ ಅಡುಗೆ ಸೋಡಾ ಬರುತ್ತದೆ. 211 ಕೆಡದಂತೆ ಇಡುವುದಕ್ಕೆ, 471 ಎಣ್ಣೆ ನೀರು ಹಿಡಿದಿಡುವುದಕ್ಕೆ, 621 ರುಚಿ ಏರಿಸುವುದಕ್ಕೆ. ಇವಕ್ಕೆಲ್ಲ ಒಪ್ಪಿಗೆ ಇದೆ, ಕೆಲವಕ್ಕೆ ಮಿತಿಯನ್ನೂ ಹಾಕಿರುತ್ತಾರೆ.

ನಂಬರನ್ನು ಸುಳಿವು ಅಂತ ತೆಗೆದುಕೊಳ್ಳಿ. ಬಣ್ಣ, ಪರಿಮಳ, ರುಚಿ ಏರಿಸುವುದು ಮೂರೂ ಒಂದೇ ಪ್ಯಾಕೆಟ್ಟಿನಲ್ಲಿದ್ದರೆ, ಒಳಗಿನ ಪದಾರ್ಥಕ್ಕೆ ತನ್ನದೇ ಬಣ್ಣ, ವಾಸನೆ, ರುಚಿ ಉಳಿದಿಲ್ಲ ಅಂತ ಅರ್ಥ. ಹಸಿ ಅವರೆಕಾಯಿ ಬಿಡಿಸುವಾಗ ಕೈಗೆ ಹತ್ತುವ ಸೊಗಡಿಗೆ ಯಾವ ನಂಬರೂ ಬೇಕಿಲ್ಲ.

ಬ್ರೌನ್ ಬ್ರೆಡ್ ಒಳ್ಳೇದು ತಾನೆ?

ಬಣ್ಣ ನಂಬಬೇಡಿ. ಮೊದಲ ಹೆಸರು ಮೈದಾ ಆಗಿದ್ದು, ಕೆಳಗೆ 150 ನಂಬರ್ ಇದ್ದರೆ ಆ ಕಂದು ಬಣ್ಣ ಸುಟ್ಟ ಸಕ್ಕರೆಯದು. ಮೊದಲ ಹೆಸರು ಇಡೀ ಗೋಧಿ ಹಿಟ್ಟು ಆಗಿರಬೇಕು.

ಹಣ್ಣಿನ ಜ್ಯೂಸ್ ಬಾಟ್ಲಿ ಕೋಲಾಗಿಂತ ವಾಸಿ ಅಲ್ವಾ?

ಹಣ್ಣಿನ ಪಾನೀಯ ಅಂತ ಮಾರುವುದಕ್ಕೆ ಹತ್ತರಲ್ಲಿ ಒಂದು ಪಾಲು ಹಣ್ಣಿದ್ದರೆ ಸಾಕು. ಉಳಿದದ್ದು ಹೆಚ್ಚಾಗಿ ನೀರು ಮತ್ತು ಸಕ್ಕರೆ. ದಪ್ಪ ರಸಕ್ಕೆ ನೀರು ಬೆರೆಸಿ ಮಾಡಿದ ಜ್ಯೂಸಿನ ಮೇಲೆ ನೂರಕ್ಕೆ ನೂರು ಹಣ್ಣಿನ ರಸ ಅಂತ ಬರೆಯಬೇಡಿ ಎಂದು 2024ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ ಕಂಪನಿಗಳಿಗೆ ಹೇಳಬೇಕಾಯಿತು.

ಕೋಲಾದಲ್ಲಿ ನೂರು ಮಿಲಿಲೀಟರಿಗೆ ಹತ್ತು ಹನ್ನೊಂದು ಗ್ರಾಂ ಸಕ್ಕರೆ. ಕಾಲು ಲೀಟರ್ ಕುಡಿದರೆ 25 ಗ್ರಾಂ ದಾಟಿತು. ದೊಡ್ಡವರೊಬ್ಬರಿಗೆ ಇಡೀ ದಿನಕ್ಕೆ ಅಷ್ಟರೊಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜ್ಯೂಸ್ ಬಾಟ್ಲಿಯ ಹಿಂದೆಯೂ ಸಕ್ಕರೆ ಲೆಕ್ಕ ಇರುತ್ತದೆ, ಪಕ್ಕದಲ್ಲಿಟ್ಟು ನೋಡಿ. ಎಳನೀರು, ಮಜ್ಜಿಗೆ, ನಿಂಬೆ ಪಾನಕ ಬಿಟ್ಟು ಬಾಟ್ಲಿಗೆ ಯಾಕೆ ಹೋಗಬೇಕು? ಮದ್ದೂರಿನ ಎಳನೀರು ದೂರದೂರಿಗೆಲ್ಲ ಹೋಗುತ್ತದೆ, ನಮ್ಮ ಮಕ್ಕಳು ಬಾಟ್ಲಿ ಹಿಡಿದು ಕೂತಿರುತ್ತಾರೆ. ನನಗೆ ಬಹಳ ಬೇಸರ ತರುವ ಸಂಗತಿ ಇದು.

ಹಾಲಿಗೆ ಪುಡಿ ಹಾಕ್ದೆ ಇದ್ರೆ ಮಗ ಕುಡಿಯಲ್ಲ. ಅದು ಶಕ್ತಿಗೆ ಅಂತಲೇ ಮಾರೋದಲ್ವಾ?

2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಮಾರಾಟಗಾರರಿಗೆ ಒಂದು ಸೂಚನೆ ಕೊಟ್ಟಿತು. ಇಂಥ ಪುಡಿಗಳನ್ನು ಆರೋಗ್ಯ ಪಾನೀಯ ಅನ್ನುವ ಸಾಲಿನಲ್ಲಿ ಇಡಬೇಡಿ ಅಂತ. ಆ ಹೆಸರಿಗೆ ಕಾನೂನಿನಲ್ಲಿ ಅರ್ಥವೇ ಇಲ್ಲ.

ಮನೆಯಲ್ಲಿ ರಾಗಿ ಮಾಲ್ಟ್ ಮಾಡಿ. ಒಂದು ಸೇರು ರಾಗಿಯನ್ನು ನೀರು ತಿಳಿಯಾಗುವವರೆಗೆ ತೊಳೆದು ರಾತ್ರಿ ನೆನೆಸಿ. ಬೆಳಿಗ್ಗೆ ಸೋಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ. ಮಾರನೆ ದಿನ ಗಂಟು ಬಿಚ್ಚಿದರೆ ಕೆಂಪು ಕಾಳಿನ ತುದಿಯಲ್ಲಿ ದಾರದಂಥ ಬಿಳಿ ಮೊಳಕೆ ಬಂದಿರುತ್ತದೆ, ಹಸಿ ಮಣ್ಣಿನ ವಾಸನೆ. ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಹುರಿದು, ಒಂದೆರಡು ಏಲಕ್ಕಿ ಹಾಕಿ ಮಿಲ್ಲಿಗೆ ಕೊಡಿ. ಜರಡಿ ಹಿಡಿಯಿರಿ. ಮೊಳಕೆ ಬಂದ ರಾಗಿ ತಾನೇ ಸ್ವಲ್ಪ ಸಿಹಿ. ಮೊದಮೊದಲು ಅಂಗಡಿ ಪುಡಿ ಮುಕ್ಕಾಲು, ಇದು ಕಾಲು ಹಾಕಿ. ವಾರವಾರಕ್ಕೆ ಪಾಲು ಬದಲಾಯಿಸುತ್ತಾ ಹೋಗಿ.

## ನಮ್ಮೂರಿನ ತಿಂಡಿ, ನಮ್ಮೂರಿನ ದಿನಸಿ

ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದೀವಿ. ಬೆಲ್ಲ ಎಷ್ಟು ತಿಂದ್ರೂ ತೊಂದ್ರೆ ಇಲ್ವಲ್ಲಾ?

ಮಂಡ್ಯದಲ್ಲಿ ನಿಂತು ಬೆಲ್ಲದ ಬಗ್ಗೆ ಮಾತಾಡುವುದು ಕಷ್ಟ. ಆದರೂ ಇದ್ದದ್ದು ಹೇಳುತ್ತೇನೆ. ಬೆಲ್ಲದಲ್ಲಿ ಕಬ್ಬಿನ ಖನಿಜ ಒಂದಿಷ್ಟು ಉಳಿದಿರುತ್ತದೆ, ರುಚಿಯೂ ಬೇರೆ. ಆದರೆ ಅದರ ಬಹುಪಾಲು ಸಕ್ಕರೆಯೇ. ಮೈಗೆ ಹೋದ ಮೇಲೆ ಎರಡೂ ಹೆಚ್ಚು ಕಡಿಮೆ ಒಂದೇ. ಸಕ್ಕರೆಗೆ ಹಾಕುವ ಮಿತಿಯನ್ನೇ ಬೆಲ್ಲಕ್ಕೂ ಹಾಕಿಕೊಳ್ಳಿ.

ಇನ್ನು ಬಣ್ಣ. ಒಮ್ಮೆ ಆಲೆಮನೆಯೊಂದಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. ಕಬ್ಬಿನ ರಸಕ್ಕೆ ಅಲ್ಲಿ ಹಾಲು ಅಂತಲೇ ಅನ್ನುವುದು. ಪಾಕ ಗಟ್ಟಿಯಾಗುವ ಹೊತ್ತಿಗೆ ಒಬ್ಬರು ಡಬ್ಬದಿಂದ ಬಿಳಿ ಪುಡಿ ತೆಗೆದು ಹಾಕಿದರು. ನೋಡನೋಡುತ್ತಾ ಕಂದು ಪಾಕ ಹೊನ್ನಿನ ಬಣ್ಣಕ್ಕೆ ತಿರುಗಿತು. ಮೂಗಿಗೆ ಗಂಧಕದ ಘಾಟು ಬಡಿಯಿತು. ಅದು ಹೈಡ್ರೋಸ್. "ಕಪ್ಪು ಬೆಲ್ಲಕ್ಕೆ ರೇಟ್ ಇಲ್ಲ ಮೇಡಂ, ನೀವೇ ಹಳದಿ ಕೇಳ್ತೀರಿ" ಅಂದರು ಆ ಮನುಷ್ಯ. ಮಾತು ನಿಜ. ಗಂಧಕದ ಅಂಶ ಜಾಸ್ತಿ ಉಳಿದರೆ ಉಬ್ಬಸ ಇರುವವರಿಗೆ ತೊಂದರೆ. ಹಿಂದಿನವರು ಕೊಳೆ ತೆಗೆಯುವುದಕ್ಕೆ ಬೆಂಡೆಗಿಡದ ಲೋಳೆ ಹಾಕುತ್ತಿದ್ದರು, ಈಗಲೂ ಹಾಗೆ ಮಾಡುವವರಿದ್ದಾರೆ. ಅಚ್ಚು, ಉಂಡೆ, ಬಕೆಟ್, ಯಾವ ಬೆಲ್ಲವಾದರೂ ಸರಿ, ಕಪ್ಪು ಮಿಶ್ರಿತ ಕಂದು ಬಣ್ಣದ್ದನ್ನೇ ಕೇಳಿ ತನ್ನಿ. ನಾವು ಕೇಳಿದರೆ ಅವರು ಮಾಡುತ್ತಾರೆ.

ಮದ್ದೂರು ವಡೆ, ಮೈಸೂರು ಪಾಕ್ ಕೂಡ ಬಿಡ್ಬೇಕಾ?

ಮದ್ದೂರು ವಡೆಯಲ್ಲಿ ಅಕ್ಕಿ ಹಿಟ್ಟು, ರವೆ, ಮೈದಾ, ಈರುಳ್ಳಿ, ಮೆಣಸಿನಕಾಯಿ, ಕರಿಬೇವು. ಮೈಸೂರು ಪಾಕಿಗೆ ಕಡ್ಲೆಹಿಟ್ಟು, ಸಕ್ಕರೆ, ತುಪ್ಪ. ಎಲ್ಲ ಅಡುಗೆಮನೆಯ ಪದಾರ್ಥವೇ. ಹಾಗಾಗಿ ಇವು ಅತಿ ಸಂಸ್ಕರಿತ ಅಲ್ಲ. ಹಾಗಂತ ಹಗುರವೂ ಅಲ್ಲ, ಒಂದರಲ್ಲಿ ಎಣ್ಣೆ, ಇನ್ನೊಂದರಲ್ಲಿ ತುಪ್ಪ ಸಕ್ಕರೆ ಧಾರಾಳ. ಹಬ್ಬಕ್ಕೆ, ಪ್ರಯಾಣಕ್ಕೆ ತಿನ್ನಿ, ಖುಷಿಯಾಗಿ ತಿನ್ನಿ. ತುಪ್ಪದ ಬದಲು ವನಸ್ಪತಿ, ಜೊತೆಗೆ ಪರಿಮಳದ ಎಸೆನ್ಸ್ ಬಿದ್ದಿದ್ದರೆ ಲೆಕ್ಕ ಬದಲಾಗುತ್ತದೆ. ಕೇಳಿ ತೆಗೆದುಕೊಳ್ಳಿ, ಕೇಳುವುದಕ್ಕೆ ಸಂಕೋಚ ಬೇಡ. ವನಸ್ಪತಿಯಂಥದ್ದರಲ್ಲಿ ಬರುವ, ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು ಎಣ್ಣೆ, ಕೊಬ್ಬುಗಳಲ್ಲಿ ಶೇಕಡಾ 2 ಮೀರಬಾರದು ಅಂತ 2022ರಿಂದ ನಿಯಮ ಇದೆ.

ಸೊಸೈಟಿ ಅಕ್ಕಿಲಿ ಪ್ಲಾಸ್ಟಿಕ್ ಅಕ್ಕಿ ಸೇರಿಸ್ತಾರಂತೆ. ಆರಿಸಿ ಬಿಸಾಕ್ತಿದೀವಿ.

ದಯವಿಟ್ಟು ಬಿಸಾಕಬೇಡಿ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣದಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿದ ಕಾಳು. ನೂರು ಕೆ.ಜಿ. ಅಕ್ಕಿಗೆ ಒಂದು ಕೆ.ಜಿ. ಲೆಕ್ಕದಲ್ಲಿ ಬೆರೆಸಿರುತ್ತಾರೆ. ಬಣ್ಣ ಸ್ವಲ್ಪ ಬೇರೆ, ಕೆಲವು ನೀರಿನಲ್ಲಿ ತೇಲುತ್ತವೆ, ಅದಕ್ಕೇ ಅನುಮಾನ. ಬೇಯಿಸಿ ಹಿಚುಕಿ ನೋಡಿ, ಅನ್ನದ ಹಾಗೇ ಮೆತ್ತಗಾಗುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆಂದು ಹಾಕಿದ್ದನ್ನು ಅವರೇ ಕೂತು ಆರಿಸಿ ತೆಗೆಯುವುದನ್ನು ನೋಡಿದ್ದೇನೆ.

ಗಾಣದ ಎಣ್ಣೆನೋ, ರಿಫೈನ್ಡೋ?

ಕೈಗೆಟುಕಿದರೆ ಗಾಣದ್ದು. ಕಡ್ಲೆಕಾಯಿ, ಹುಚ್ಚೆಳ್ಳು, ಎಳ್ಳು, ಅದರದರ ವಾಸನೆ ಅದರಲ್ಲೇ ಇರುತ್ತದೆ. ರಿಫೈನ್ಡ್ ಎಣ್ಣೆಯ ಬಣ್ಣ, ವಾಸನೆ ತೆಗೆದಿರುತ್ತಾರೆ. ಆದರೆ ಯಾವ ಎಣ್ಣೆ ಅನ್ನುವುದಕ್ಕಿಂತ ಎಷ್ಟು ಎಣ್ಣೆ ಅನ್ನುವುದು ದೊಡ್ಡ ಪ್ರಶ್ನೆ. ಗಾಣದ್ದು ಅಂತ ಕೈ ಬಿಟ್ಟು ಸುರಿಯಬೇಡಿ.

## ಇನ್ನೂ ಸ್ವಲ್ಪ ಆಳಕ್ಕೆ

ಇದೆಲ್ಲ ಸುಮ್ನೆ ಹೆದರಿಸೋ ಮಾತು. ಪುರಾವೆ ಎಲ್ಲಿದೆ?

2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ತಂಡ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಇಪ್ಪತ್ತು ಜನರನ್ನು ನಾಲ್ಕು ವಾರ ಅಲ್ಲೇ ಇರಿಸಿಕೊಂಡು, ಎರಡು ವಾರ ಅತಿ ಸಂಸ್ಕರಿತ ಊಟ, ಎರಡು ವಾರ ಸಂಸ್ಕರಿಸದ ಊಟ ಕೊಟ್ಟರು. ಎರಡರಲ್ಲೂ ಸಕ್ಕರೆ, ಕೊಬ್ಬು, ಉಪ್ಪು, ನಾರು ಒಂದೇ ಅಳತೆಗೆ ಬರುವಂತೆ ಬಡಿಸಿದರು. ಬೇಕಾದಷ್ಟು ತಿನ್ನಿ ಅಂದರು. ಅತಿ ಸಂಸ್ಕರಿತ ಊಟದಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಎರಡು ವಾರದಲ್ಲಿ 900 ಗ್ರಾಂ ತೂಕ ಏರಿತು. ಇನ್ನೊಂದು ಊಟದಲ್ಲಿ ಅಷ್ಟೇ ಇಳಿಯಿತು. ಮೆತ್ತನೆಯ ಊಟವನ್ನು ಬೇಗ ಬೇಗ ನುಂಗಿದ್ದೂ ಕಂಡುಬಂತು.

ಇಪ್ಪತ್ತೇ ಜನ, ನಾಲ್ಕೇ ವಾರ, ನಿಜ. ಆದರೆ ಅಳೆದು ಬಡಿಸಿ ನೋಡಿದ ಪ್ರಯೋಗ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಭಾರತೀಯರಿಗೆ ಕೊಟ್ಟ ಊಟದ ಮಾರ್ಗಸೂಚಿಯಲ್ಲೂ ಇಂಥ ಆಹಾರ ಕಡಿಮೆ ಮಾಡಿ, ಲೇಬಲ್ ಓದಿ ಅಂತ ಇದೆ.

ಮೈಸೂರಲ್ಲೇ ಸಿಎಫ್‌ಟಿಆರ್‌ಐ, ಅಂದ್ರೆ ಕೇಂದ್ರದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ಅವ್ರು ಮಾಡೋದೂ ಸಂಸ್ಕರಣೆನೇ ಅಲ್ವಾ?

ಹೌದು, ಅದಕ್ಕೆ ನಮಗೆ ಹೆಮ್ಮೆಯೂ ಇರಬೇಕು. 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಶುರುವಾದಾಗ ದೇಶದಲ್ಲಿ ಊಟಕ್ಕೇ ತತ್ವಾರ. ಬೆಳೆದದ್ದು ಕೊಳೆಯದಂತೆ ಉಳಿಸುವುದು, ಎಮ್ಮೆ ಹಾಲಿನಿಂದ ಎಳೆ ಮಕ್ಕಳಿಗೆ ಆಗುವ ಪುಡಿ ಮಾಡುವುದು, ಇಂಥ ಕೆಲಸ ಅಲ್ಲಿ ನಡೆಯಿತು. 1961ರಲ್ಲಿ ಬಂದ ಡಿಎಫ್‌ಆರ್‌ಎಲ್, ಅಂದರೆ ಸೇನೆಗಾಗಿ ಆಹಾರ ಸಂಶೋಧನೆ ಮಾಡುವ ಪ್ರಯೋಗಾಲಯ, ಗಡಿಯಲ್ಲಿರುವ ಸೈನಿಕರಿಗೆ ಕೆಡದ ಊಟ ಕಟ್ಟಿಕೊಡುವ ದಾರಿ ಹುಡುಕಿತು. ಬೇಯಿಸಿದ ಪಲಾವನ್ನು ಚೀಲದಲ್ಲಿ ತುಂಬಿ, ಬಾಯಿ ಮುಚ್ಚಿ, ಒತ್ತಡದಲ್ಲಿ ಕಾಯಿಸಿದರೆ ಪ್ರಿಸರ್ವೇಟಿವ್ ಇಲ್ಲದೆ ತಿಂಗಳುಗಟ್ಟಲೆ ಇರುತ್ತದೆ. ಒಣಗಿಸುವುದು, ತಣ್ಣಗಿಡುವುದು, ಕಾಯಿಸಿ ಮುಚ್ಚುವುದು, ಇವೆಲ್ಲ ಊಟವನ್ನು ಕಾಪಾಡುವ ಸಂಸ್ಕರಣೆ. ನಮ್ಮಜ್ಜಿ ಸಂಡಿಗೆ, ಬಾಳಕದ ಮೆಣಸಿನಕಾಯಿ ಒಣಗಿಸಿದ್ದೂ ಅದೇ. ಅಗ್ಗದ ಪಿಷ್ಟಕ್ಕೆ ಬಣ್ಣ ರುಚಿ ಹಚ್ಚಿ, ಕೈ ನಿಲ್ಲದೆ ತಿನ್ನುವ ಹಾಗೆ ಮಾಡುವುದು ಬೇರೆ ಉದ್ದೇಶ. ಎರಡಕ್ಕೂ ಒಂದೇ ಹೆಸರಿರುವುದರಿಂದ ಗೊಂದಲ.

ನಂಗೆ ಶುಗರ್ ಇದೆ. ಮುದ್ದೆ, ಶುಗರ್‌ಲೆಸ್ ಬಿಸ್ಕತ್ತು, ಎರಡೂ ಎಷ್ಟು ಬೇಕಾದ್ರೂ ತಿನ್ಬಹುದು ಅಂತಾರೆ.

ಎರಡೂ ತಪ್ಪು. ಶುಗರ್‌ಲೆಸ್ ಬಿಸ್ಕತ್ತಿನಲ್ಲಿ ಸಕ್ಕರೆ ಇರುವುದಿಲ್ಲ, ಮೈದಾ ಇರುತ್ತದೆ. ಅದು ಹೊಟ್ಟೆಯಲ್ಲಿ ಗ್ಲೂಕೋಸೇ ಆಗುತ್ತದೆ. ಮುದ್ದೆ ಒಳ್ಳೆಯ ಊಟ, ಆದರೆ ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟ. ನುಣ್ಣಗೆ ಬೀಸಿದಷ್ಟೂ ಬೇಗ ರಕ್ತಕ್ಕೆ ಸೇರುತ್ತದೆ. ಹಿಂದೆ ದಿನವಿಡೀ ಗದ್ದೆಯಲ್ಲಿ ದುಡಿದು ಎರಡು ಮುದ್ದೆ ಉಣ್ಣುತ್ತಿದ್ದರು, ಕರಗುತ್ತಿತ್ತು. ಈಗ ನಿಂಬೆ ಗಾತ್ರ ಅಲ್ಲದಿದ್ದರೂ ಸಣ್ಣ ಮುದ್ದೆ, ತಟ್ಟೆ ತುಂಬ ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ, ಹೀಗೆ ತಿರುಗಿಸಿ ಬಡಿಸಿಕೊಳ್ಳಿ. ಊಟ ಆಗಿ ಎರಡು ಗಂಟೆಗೆ ರಕ್ತ ನೋಡಿಸಿಕೊಂಡು ನಿಮ್ಮ ಅಳತೆ ನೀವೇ ಕಂಡುಕೊಳ್ಳಿ. ಮಾತ್ರೆ ಮಾತ್ರ ಡಾಕ್ಟರ್ ಹೇಳದೆ ಬಿಡಬೇಡಿ.

ಗಾರ್ಮೆಂಟ್ಸ್ ಮುಗ್ಸಿ ಮನೆ ಸೇರೋಷ್ಟ್ರಲ್ಲಿ ಏಳೂವರೆ. ಮಕ್ಳು ಹಸಿವು ಅಂತಿರ್ತವೆ. ನೂಡಲ್ಸ್ ಬಿಟ್ರೆ ಇನ್ನೇನಿದೆ ಅಕ್ಕಾ?

ನನಗೆ ಬಂದ ಪ್ರಶ್ನೆಗಳಲ್ಲಿ ಇದೇ ಕಷ್ಟದ್ದು. ಹಗಲೆಲ್ಲ ಮಿಷನ್ ಮುಂದೆ ಕೂತು, ಬಸ್ಸಿನಲ್ಲಿ ನಿಂತು ಬಂದವರಿಗೆ ಸೊಪ್ಪು ಬಿಡಿಸಿ ಅನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಮೊದಲು, ನೂಡಲ್ಸ್ ಮಾಡಿದ ದಿನ ತಪ್ಪು ಮಾಡಿದೆ ಅಂತ ಕೊರಗಬೇಡಿ. ಮಸಾಲೆ ಪುಡಿ ಅರ್ಧ ಹಾಕಿ, ಒಂದು ಮೊಟ್ಟೆ ಒಡೆದು ಬಿಡಿ, ಇದ್ದ ತರಕಾರಿ ಹಾಕಿ. ಎರಡನೆಯದು, ಸೊಪ್ಪು ಬಿಡಿಸುವುದು ಮನೆಯ ಗಂಡಸರಿಗೂ ಬರುತ್ತದೆ. ಬರದಿದ್ದರೆ ಒಂದು ವಾರದಲ್ಲಿ ಬರುತ್ತದೆ. ಸಂಘದ ಸಭೆಯಲ್ಲಿ ಈ ಮಾತು ಹೇಳಿದಾಗ ಎಲ್ಲರೂ ನಗುತ್ತಾರೆ, ನಾನು ಗಂಭೀರವಾಗಿಯೇ ಹೇಳುತ್ತೇನೆ.

ಬಂದ ತಕ್ಷಣ ಮಕ್ಕಳ ಕೈಗೆ ಕೊಡುವುದಕ್ಕೆ ಒಂದು ಡಬ್ಬದಲ್ಲಿ ಹುರಿಗಡಲೆ, ಕಡ್ಲೆಬೀಜ, ಕಡ್ಲೆಪುರಿ ಇರಲಿ. ಅವಲಕ್ಕಿ ತೊಳೆದು ಮೊಸರು, ಉಪ್ಪು, ಈರುಳ್ಳಿ ಕಲೆಸಿದರೆ ಐದು ನಿಮಿಷ. ಕಾಳು ಮೊಳಕೆ ಕಟ್ಟುವುದಕ್ಕೆ ನಿಮ್ಮ ಕೆಲಸದ ಹೊತ್ತೇ ಸರಿಹೋಗುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ ಹೆಸರುಕಾಳೋ ಹುರುಳಿಕಾಳೋ ನೀರಿಗೆ ಹಾಕಿ ಹೋಗಿ. ರಾತ್ರಿ ಸೋಸಿ ಬಟ್ಟೆಯಲ್ಲಿ ಕಟ್ಟಿಡಿ. ಮಾರನೆ ದಿನ ನೀವು ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಮೊಳಕೆ ಬಂದಿರುತ್ತದೆ, ಕುಕ್ಕರ್‌ನಲ್ಲಿ ಎರಡು ಕೂಗು ಕೂಗಿಸಿದರೆ ಸಾರೂ ಆಯಿತು, ಪಲ್ಯವೂ ಆಯಿತು.